ಡೇಟ್ಸ್ ಕೊಡುತ್ತಿದ್ದವನು ಡೇಟ್ಸ್ ಕೇಳಲು ಹೊರಟಾಗ

ನಾನು ನಿರ್ದೇಶಿಸಿದ ಮೊದಲ ಸಿನಿಮಾದ ಸೆನ್ಸಾರ್ ಪತ್ರ ಕೈಗೆ ಬಂದಿದೆ, ಬಿಡುಗಡೆಗೆ ಇನ್ನೂ ಕೆಲವು ವಾರ ಇದೆ. ನೆನಪು ಹಸಿಯಾಗಿರುವಾಗಲೇ ಬರೆದಿಡೋಣ ಅಂತ ಕೂತಿದ್ದೇನೆ. ಧಾರಾವಾಹಿ, ಪೋಷಕ ಪಾತ್ರ ಅಂತ ಕೆಲಸ ಮಾಡಿಕೊಂಡಿರುವ ನಟನೊಬ್ಬ "ನಾನೂ ಒಂದು ಸಿನಿಮಾ ಡೈರೆಕ್ಟ್ ಮಾಡಬೇಕು" ಅಂದರೆ ಸಿಗುವ ಮಾತು ಎರಡೇ ಥರ. "ಮಾಡಿಬಿಡಿ ಸಾರ್, ನಿಮಗೇನು ಕಷ್ಟ" ಅನ್ನುವವರು ಕೆಲವರು, "ಇರೋ ಅನ್ನ ಯಾಕೆ ಒದೀತೀರಿ" ಅನ್ನುವವರು ಉಳಿದವರು. ಯಾವ ಕಾಗದ ಯಾವಾಗ ಬೇಕು, ಎಲ್ಲಿ ಎಷ್ಟು ಕಾಯಬೇಕು, ದುಡ್ಡು ಎಲ್ಲಿ ಸೋರುತ್ತದೆ ಅಂತ ಕೂತು ಹೇಳುವವರು ಕಡಿಮೆ. ಇಲ್ಲಿರುವುದು ಅಷ್ಟೇ. ನನ್ನ ಪುರಾಣ ಬಿಟ್ಟಿದ್ದೇನೆ.

ಮನೆಯ ರೇಷನ್‌ನಿಂದ ಶುರು

ಧಾರಾವಾಹಿಯಲ್ಲಿ ಮುಖ್ಯ ಪಾತ್ರ ಇದ್ದರೆ ತಿಂಗಳಲ್ಲಿ 15ರಿಂದ 20 ದಿನ ಅಲ್ಲಿಗೇ ಹೋಗುತ್ತದೆ. ಸಂಬಳ ದಿನದ ಲೆಕ್ಕ, ಕೈಗೆ ಬರುವುದು ತಿಂಗಳುಗಳ ನಂತರ. ಸಿನಿಮಾ ಅಂದರೆ ಬರವಣಿಗೆಯಿಂದ ಬಿಡುಗಡೆವರೆಗೆ ಎರಡು ವರ್ಷ ಅಂತಿಟ್ಟುಕೊಳ್ಳಿ. ಅದರಲ್ಲಿ ಪೂರ್ವತಯಾರಿಯ ಕೊನೆಯ ಎರಡು ತಿಂಗಳು, ಶೂಟಿಂಗ್, ಆಮೇಲಿನ ಎಡಿಟಿಂಗ್ ಇಷ್ಟೂ ಸೇರಿ ಸುಮಾರು ಎಂಟು ತಿಂಗಳು ಬೇರೆ ಯಾವ ಕೆಲಸಕ್ಕೂ ಡೇಟ್ಸ್, ಅಂದರೆ ಶೂಟಿಂಗ್ ದಿನಗಳನ್ನು ಕೊಡಲಾಗುವುದಿಲ್ಲ. ಈ ಎಂಟು ತಿಂಗಳ ಮನೆ ಬಾಡಿಗೆ, ಇಎಂಐ, ಮಕ್ಕಳ ಫೀಸು ಬ್ಯಾಂಕಿನಲ್ಲಿ ಇಲ್ಲದಿದ್ದರೆ ಎಡಿಟಿಂಗ್ ಮಧ್ಯೆ ಎದ್ದು ಯಾವುದೋ ಸೀರಿಯಲ್‌ಗೆ ಓಡಬೇಕಾಗುತ್ತದೆ. ಎಡಿಟರ್ ಕಾಯುವುದಿಲ್ಲ, ಅವರೂ ಮುಂದಿನ ಪ್ರಾಜೆಕ್ಟ್ ಹಿಡಿಯುತ್ತಾರೆ. ವಾಪಸ್ ಅವರ ಸಮಯ ಸಿಗುವಷ್ಟರಲ್ಲಿ ಮೂರು ತಿಂಗಳು ಹೋಗಿರುತ್ತದೆ.

ಸೀರಿಯಲ್ ನಡೆಯುತ್ತಿರುವಾಗಲೇ ಸಿನಿಮಾ ಮಾಡುವವರು ಒಪ್ಪಂದವನ್ನು ಮತ್ತೊಮ್ಮೆ ಓದಿಕೊಳ್ಳಿ. ಬೇರೆ ಚಾನೆಲ್ ಕೆಲಸಕ್ಕೆ ಮಾತ್ರ ತಡೆಯೋ, ಸಿನಿಮಾಕ್ಕೂ ಅನುಮತಿ ಬೇಕೋ ಅನ್ನುವುದು ಅದರಲ್ಲಿ ಇರುತ್ತದೆ. ಬಾಯಿಮಾತಿನ ಒಪ್ಪಿಗೆ ಸಾಲದು, ಒಂದು ಈಮೇಲ್ ಆದರೂ ಇಟ್ಟುಕೊಳ್ಳಿ.

ಕಥೆ ಬರೆಯುವ ಕಾಲದಲ್ಲಿ ಸೀರಿಯಲ್ ಕೆಲಸ ಬಿಡಬೇಕಾಗಿಲ್ಲ. ಸೆಟ್ಟಿನಲ್ಲಿ ಎರಡು ಸೀನಿನ ನಡುವೆ ಮೂರು ಗಂಟೆ ಸುಮ್ಮನೆ ಕೂತಿರುತ್ತೇವಲ್ಲ, ಆ ಹೊತ್ತಿಗೆ ಬೆಲೆ ಇದೆ. "ಏನ್ ಡೈರೆಕ್ಟ್ರೇ, ನಮಗೂ ಒಂದು ಪಾತ್ರ ಇದ್ಯಾ" ಅನ್ನುವ ತಮಾಷೆ ಮಾತ್ರ ದಿನಾ ಕೇಳಬೇಕಾಗುತ್ತದೆ. ಮೊದಲ ತಿಂಗಳು ನಗು ಬರುತ್ತದೆ. ಆರನೇ ತಿಂಗಳು ಚುಚ್ಚುತ್ತದೆ.

ನಟನಿಗೆ ಗೊತ್ತಿಲ್ಲದಿರುವುದು

ನೂರಾರು ದಿನ ಸೆಟ್ಟಿನಲ್ಲಿ ಇದ್ದೇನೆ, ನಿರ್ದೇಶನ ಗೊತ್ತು ಅಂದುಕೊಳ್ಳುವುದು ಸಹಜ. ನಟ ಓದಿರುವುದು ತನ್ನ ಸೀನ್ ಪೇಪರ್, ನೋಡಿರುವುದು ತನ್ನ ಶಾಟ್. ಸೌಂಡ್, ಎಡಿಟಿಂಗ್, ಲೆನ್ಸ್ ಮೂರೂ ಅವನ ಬೆನ್ನ ಹಿಂದೆ ನಡೆದಿರುತ್ತವೆ. ಸೀರಿಯಲ್‌ನಿಂದ ಬಂದವರಿಗೆ ಇನ್ನೊಂದು ತೊಡಕು ವೇಗದ್ದು. ಅಲ್ಲಿ ಎರಡು ಮೂರು ಕ್ಯಾಮೆರಾ ಇಟ್ಟು ದಿನಕ್ಕೆ ಒಂದು ಕಂತು, ಅಂದರೆ 20 ನಿಮಿಷದ ಆಚೀಚೆ ತೆಗೆದುಬಿಡುತ್ತಾರೆ. 130 ನಿಮಿಷದ ಸಿನಿಮಾವನ್ನು 36 ದಿನದಲ್ಲಿ ಮುಗಿಸಬೇಕಾದರೆ ದಿನಕ್ಕೆ ಬೇಕಿರುವುದು ಸುಮಾರು ಮೂರೂವರೆ ನಿಮಿಷ. ಕೇಳಲು ಸುಲಭ. ಆ ಮೂರೂವರೆ ನಿಮಿಷಕ್ಕೆ 15–20 ಶಾಟ್, ಪ್ರತಿ ಶಾಟ್‌ಗೂ ಬೇರೆ ಲೈಟಿಂಗ್ ಅಂತ ಗೊತ್ತಾಗುವುದು ಮೊದಲ ದಿನ ಸಂಜೆ ಆರಕ್ಕೆ, ಅರ್ಧ ಸೀನ್ ಬಾಕಿ ಇರುವಾಗ.

ಇದಕ್ಕೆ ಎರಡು ಮದ್ದು. ಯಾರದ್ದಾದರೂ ಸಿನಿಮಾದಲ್ಲಿ ಒಂದು ಷೆಡ್ಯೂಲ್ ಕಂಟಿನ್ಯುಟಿ ಬರೆಯುವ ಸಹಾಯಕನಾಗಿ ನಿಲ್ಲಿ. ಮುಖ ಪರಿಚಿತರಾದ ನಟರಿಗೆ ಕ್ಲ್ಯಾಪ್ ಬೋರ್ಡ್ ಹಿಡಿದು ನಿಲ್ಲಲು ನಾಚಿಕೆಯಾಗುತ್ತದೆ, ಆಗಲಿ. ಯಾವ ಟೇಕ್ ಓಕೆ, ಲೋಟ ಯಾವ ಕೈಯಲ್ಲಿತ್ತು, ಪಾತ್ರ ಎಡಕ್ಕೆ ನೋಡಿತೋ ಬಲಕ್ಕೋ ಅಂತ 20 ದಿನ ಬರೆದವರಿಗೆ ಶಾಟ್ ಡಿವಿಷನ್, ಅಂದರೆ ಸೀನನ್ನು ಶಾಟುಗಳಾಗಿ ಒಡೆಯುವುದು, ತಾನಾಗಿ ಬರುತ್ತದೆ. ಎರಡನೆಯದು ಕಿರುಚಿತ್ರ. 12 ನಿಮಿಷ, ಎರಡು ದಿನ, ಎರಡು ಪಾತ್ರ, ಒಂದು ಮನೆ. ನೀವು ಅದರಲ್ಲಿ ನಟಿಸಬೇಡಿ. ನಿರ್ಮಾಪಕರು ನಿಮ್ಮ ನಟನೆಯನ್ನು ಆಗಲೇ ನೋಡಿದ್ದಾರೆ. ಬೇರೆಯವರಿಂದ ನಟನೆ ತೆಗೆಸಲು ಬರುತ್ತದಾ ಅನ್ನುವುದು ಅವರಿಗೆ ಬೇಕು.

ಕಿರುಚಿತ್ರದಲ್ಲೇ ಒಂದು ತಪ್ಪು ಕೈಗೆ ಸಿಗುತ್ತದೆ: ಸೀನ್ ವಿವರಿಸುವ ಬದಲು ನಾವೇ ಅಭಿನಯಿಸಿ ತೋರಿಸಿಬಿಡುತ್ತೇವೆ. ಎದುರಿನ ಕಲಾವಿದ ಪಾತ್ರ ಬಿಟ್ಟು ನಮ್ಮನ್ನೇ ಅನುಕರಿಸುತ್ತಾನೆ. ಎಡಿಟಿಂಗ್‌ನಲ್ಲಿ ನೋಡಿದರೆ ಎಲ್ಲಾ ಪಾತ್ರಗಳೂ ಒಂದೇ ಥರ ಹುಬ್ಬೇರಿಸುತ್ತಿರುತ್ತವೆ. ಪಾತ್ರಕ್ಕೆ ಆ ಕ್ಷಣದಲ್ಲಿ ಏನು ಬೇಕಾಗಿದೆ ಅಂತ ಮಾತ್ರ ಹೇಳಿ ಸುಮ್ಮನಾಗಬೇಕು. ನಮ್ಮವರಿಗೆ ಇದು ಕಷ್ಟದ ಕೆಲಸ.

ಕಥೆ ಕಾಗದಕ್ಕೆ, ಕಾಗದ ನೋಂದಣಿಗೆ

ನರೇಶನ್, ಅಂದರೆ ನಿರ್ಮಾಪಕರಿಗೆ ಬಾಯಲ್ಲಿ ಕಥೆ ಹೇಳುವುದು, ಚೆನ್ನಾಗಿ ಬರುತ್ತದೆ ಅನ್ನುವ ನಂಬಿಕೆಯಲ್ಲಿ ಪೂರ್ತಿ ಬರೆದ ಬೌಂಡ್ ಸ್ಕ್ರಿಪ್ಟ್ ಇಲ್ಲದೆ ಹೊರಡುವವರು ಬಹಳ. ನಟನ ನರೇಶನ್‌ನಲ್ಲಿ ಒಂದು ಮೋಸ ಇದೆ. ಸಪ್ಪೆ ಸೀನನ್ನೂ ದನಿಯಲ್ಲಿ ಎತ್ತಿಬಿಡುತ್ತೇವೆ, ಕೇಳಿದವರು ಕಣ್ಣೊರೆಸಿಕೊಳ್ಳುತ್ತಾರೆ, ಆಮೇಲೆ ಪೇಪರ್ ಓದಿದವರಿಗೆ ಏನೂ ಅನ್ನಿಸುವುದಿಲ್ಲ. ಮೊದಲು ಬೇರೆ ಯಾರಿಗಾದರೂ ಜೋರಾಗಿ, ಏರಿಳಿತವಿಲ್ಲದೆ ಓದಲು ಹೇಳಿ. ಆಗಲೂ ನಿಲ್ಲುವ ಸೀನ್ ನಿಜವಾದ ಸೀನ್.

ಟೈಪ್ ಮಾಡುವಾಗ ಶುರುವಿನಿಂದಲೇ ಯೂನಿಕೋಡ್. ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಮಾಡಿದ ಫೈಲ್ ಇನ್ನೊಬ್ಬರ ಮೊಬೈಲಿನಲ್ಲಿ ತೆರೆದರೆ ಬರೀ ಚಿತ್ರಲಿಪಿ. ಪರಿವರ್ತಿಸಿದರೆ ಒತ್ತಕ್ಷರ, ಅರ್ಕಾವೊತ್ತು ಅಲ್ಲಲ್ಲಿ ಕೆಡುತ್ತವೆ. ಕೊನೆಗೆ ಸೆನ್ಸಾರ್‌ಗೆ ಪೂರ್ತಿ ಸಂಭಾಷಣೆ, ಹಾಡಿನ ಸಾಹಿತ್ಯ ಕೊಡಬೇಕು, ಸಬ್‌ಟೈಟಲ್ ಮಾಡುವವರಿಗೂ ಅದೇ ಫೈಲ್ ಹೋಗಬೇಕು.

ಸ್ಕ್ರಿಪ್ಟ್ ಹಂಚುವ ಮೊದಲು ಕೇಂದ್ರ ಸರ್ಕಾರದ ಕಾಪಿರೈಟ್ ಕಚೇರಿಯಲ್ಲಿ ಆನ್‌ಲೈನ್ ಅರ್ಜಿ ಹಾಕಿ. ಫಾರಂ 14, ಸಾಹಿತ್ಯ ಕೃತಿಗೆ 500 ರೂಪಾಯಿ ಶುಲ್ಕ. ಡೈರಿ ನಂಬರ್ ಬಂದ ಮೇಲೆ ಆಕ್ಷೇಪಣೆಗೆ 30 ದಿನ ಕಾಯಿಸುತ್ತಾರೆ, ಆಮೇಲೆ ಪರಿಶೀಲನೆ. ಪೂರ್ತಿ ಮುಗಿಯಲು ತಿಂಗಳುಗಳೇ ಬೇಕು, ಆದರೆ ಡೈರಿ ನಂಬರ್ ಇರುವ ಅರ್ಜಿಯೇ ದಿನಾಂಕಕ್ಕೆ ಸಾಕ್ಷಿಯಾಗಿ ಕೈಯಲ್ಲಿರುತ್ತದೆ. ಜೊತೆಗೊಬ್ಬರು ಬರೆದಿದ್ದರೆ ಅವರ ಹೆಸರೂ ಹಾಕಿ. ಒಬ್ಬರ ಹೆಸರಲ್ಲಿ ಮಾತ್ರ ಹಾಕುವುದಾದರೆ ಇನ್ನೊಬ್ಬರ ನಿರಾಕ್ಷೇಪಣಾ ಪತ್ರ ಬೇಕು. ಮುಂಬಯಿಯ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ ಸದಸ್ಯರಿಗೆ ಅಲ್ಲಿಯೂ ಆನ್‌ಲೈನ್ ನೋಂದಣಿ ಇದೆ, ಅದು ಬೇಗ ಆಗುತ್ತದೆ. ಎರಡೂ ಕಾಪಾಡುವುದು ಬರೆದ ರೂಪವನ್ನು. "ಹಳ್ಳಿ ಹುಡುಗ ಬೆಂಗಳೂರಿಗೆ ಬಂದು ಡಾನ್ ಆಗುತ್ತಾನೆ" ಅನ್ನುವ ಎಳೆಯನ್ನು ಯಾವ ಕಾಯ್ದೆಯೂ ಕಾಪಾಡುವುದಿಲ್ಲ.

"ಹೀರೋ ಯಾರು ಸಾರ್?"

ಗಾಂಧಿನಗರದ ಆಫೀಸಿನಲ್ಲಿ ಇರಲಿ, ಜಯನಗರದ ಕಾಫಿ ಡೇಯಲ್ಲಿ ಇರಲಿ, ನರೇಶನ್ ಮುಗಿದ ಮೇಲೆ ಬರುವ ಮೊದಲ ಪ್ರಶ್ನೆ ಇದೇ. ಎರಡನೆಯದು ಅದಕ್ಕಿಂತ ಕಷ್ಟ: "ನೀವೇನಾ?"

ಕನ್ನಡದಲ್ಲಿ ನಟನೇ ನಿರ್ದೇಶಕನಾಗುವುದು ಹೊಸದೇನಲ್ಲ. ಶಂಕರ್ ನಾಗ್ 1980ರಲ್ಲಿ ಮೊದಲ ಸಿನಿಮಾ ನಿರ್ದೇಶಿಸಿದಾಗ ಅದರಲ್ಲಿ ನಟಿಸಿಯೂ ಇದ್ದರು. ರಕ್ಷಿತ್ ಶೆಟ್ಟಿ 2014ರಲ್ಲಿ, ರಾಜ್ ಬಿ. ಶೆಟ್ಟಿ 2017ರಲ್ಲಿ ಮೊದಲ ಸಿನಿಮಾಕ್ಕೆ ತಾವೇ ಬರೆದು ತಾವೇ ನಟಿಸಿದರು. ಸೀರಿಯಲ್‌ನಿಂದ ಬಂದ ಡಾರ್ಲಿಂಗ್ ಕೃಷ್ಣ 2020ರಲ್ಲಿ ನಿರ್ದೇಶಕನಾದಾಗ ಮಿಲನಾ ನಾಗರಾಜ್ ಜೊತೆ ನಿರ್ಮಾಪಕರೂ ಆದರು. ಈ ಹೆಸರುಗಳನ್ನು ನಿರ್ಮಾಪಕರ ಮುಂದೆ ಹೇಳಬಹುದು. ಹೇಳದಿರುವ ಲೆಕ್ಕ ಒಂದಿದೆ. ನಿರ್ದೇಶಕ ತಾನೇ ಕ್ಯಾಮೆರಾ ಮುಂದೆ ಇದ್ದರೆ ಪ್ರತಿ ಟೇಕ್ ಆದ ಮೇಲೆ ಓಡಿ ಬಂದು ಪ್ಲೇಬ್ಯಾಕ್ ನೋಡಬೇಕು. ದಿನಕ್ಕೆ 15 ಶಾಟ್, ತಲಾ ಮೂರು ಟೇಕ್, ನೋಡಲು ಒಂದೂವರೆ ನಿಮಿಷ ಅಂದರೂ ಒಂದು ಗಂಟೆಗೂ ಹೆಚ್ಚು ಸಮಯ ಹೋಯಿತು. 36 ದಿನದಲ್ಲಿ ಅದು ಮೂರು ದಿನಕ್ಕೂ ಮಿಕ್ಕಿದ ಶೂಟಿಂಗ್. ಮುಖ್ಯ ಪಾತ್ರ ನೀವೇ ಮಾಡುವುದಾದರೆ ಆ ದಿನಗಳನ್ನು ಬಜೆಟ್‌ನಲ್ಲಿ ಹಾಕಿ, "ಇನ್ನೊಂದು ಹೋಗೋಣ" ಅಂತ ನಿಮಗೇ ಹೇಳುವ ಧೈರ್ಯವಿರುವ ಸಹ ನಿರ್ದೇಶಕರನ್ನು ಇಟ್ಟುಕೊಳ್ಳಿ. ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಸಿನಿಮಾದಲ್ಲಿ ನಾಲ್ಕೈದು ಸೀನಿನ ಪಾತ್ರ ಸಾಕು.

ಕಾಯುವಿಕೆ ಇಲ್ಲೇ ಅತಿ ಉದ್ದ. "ಸೂಪರ್ ಆಗಿದೆ, ಮಾಡೋಣ ಸಾರ್" ಅಂದವರು ಆಮೇಲೆ ಫೋನ್ ಎತ್ತುವುದಿಲ್ಲ. ಬೇಡ ಅಂತ ಮುಖಕ್ಕೆ ಹೇಳುವ ಅಭ್ಯಾಸ ನಮ್ಮ ಉದ್ಯಮದಲ್ಲಿಲ್ಲ. ಮೂರು ವಾರ ಮೌನ ಅಂದರೆ ಬೇಡ ಅಂತಲೇ ಅರ್ಥ, ಮುಂದಿನವರ ಹತ್ತಿರ ಹೋಗಿ. ಜೊತೆಗೆ ಪಂಚಾಂಗದ ಕಾಯುವಿಕೆ ಬೇರೆ: ಆಷಾಢದಲ್ಲಿ ಮುಹೂರ್ತ ಮಾಡುವುದಿಲ್ಲ, ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗಿನ ಧನುರ್ಮಾಸದಲ್ಲೂ ಮಾಡುವುದಿಲ್ಲ. ಜೂನ್ ಕೊನೆಗೆ ಮಾತುಕತೆ ಮುಗಿದರೆ ದುಡ್ಡು ಕೈಗೆ ಬರುವುದು ಶ್ರಾವಣಕ್ಕೆ.

ತಟ್ಟೆ, ತಾಂಬೂಲ, 10,001 ರೂಪಾಯಿಯ ಟೋಕನ್ ಅಡ್ವಾನ್ಸ್ ಅಂತ ಫೋಟೊ ಬಂದ ಮಾತ್ರಕ್ಕೆ ಸಿನಿಮಾ ಶುರುವಾಯಿತು ಅಂದುಕೊಂಡು ಸೀರಿಯಲ್ ಬಿಡಬೇಡಿ. ಒಪ್ಪಂದಕ್ಕೆ ಸಹಿ, ಮೊದಲ ಕಂತು ಖಾತೆಗೆ ಜಮಾ, ಪ್ರೊಡಕ್ಷನ್ ಮ್ಯಾನೇಜರ್ ನೇಮಕ ಈ ಮೂರೂ ಆದ ಮೇಲೆ ಬಿಡಿ. "ಅರ್ಧ ಬಂಡವಾಳ ನೀವು ತನ್ನಿ, ಉಳಿದದ್ದು ನಾನು" ಅನ್ನುವವರ ಉಳಿದರ್ಧ ಮೊದಲು ಖಾತೆಗೆ ಬರಲಿ.

ಒಪ್ಪಂದದ ಐದು ಸಾಲು

ನಟರ ಒಪ್ಪಂದ ಎರಡು ಪುಟ, ಓದದೇ ಸಹಿ ಹಾಕಿ ಅಭ್ಯಾಸ. ನಿರ್ದೇಶಕರದ್ದನ್ನು ವಕೀಲರಿಗೆ ತೋರಿಸಿ. ಆ ಫೀಸು ದಂಡ ಅಲ್ಲ.

ಭಾರತದ ಕಾಪಿರೈಟ್ ಕಾಯ್ದೆಯ ಪ್ರಕಾರ ಸಿನಿಮಾದ ಕರ್ತೃ ನಿರ್ಮಾಪಕ. ನಿರ್ದೇಶಕನಿಗೆ ನಿರ್ದೇಶಕ ಅನ್ನುವ ಕಾರಣಕ್ಕೆ ಅದರ ಮೇಲೆ ಹಕ್ಕಿಲ್ಲ. ನಿಮ್ಮ ಹತ್ತಿರ ಇರುವುದು ಕಥೆ, ಚಿತ್ರಕಥೆ, ಸಂಭಾಷಣೆಯ ಹಕ್ಕು, ಅದನ್ನು ಬರವಣಿಗೆಯಲ್ಲೇ ವರ್ಗಾಯಿಸಬೇಕು. ಎಷ್ಟು ವರ್ಷ ಅಂತ ಬರೆಯದಿದ್ದರೆ 5 ವರ್ಷ, ಎಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ ಅಂತ ಕಾಯ್ದೆ ಹೇಳುತ್ತದೆ. ಹಕ್ಕು ಪಡೆದವರು ಒಂದು ವರ್ಷದಲ್ಲಿ ಬಳಸದಿದ್ದರೆ ಅದು ಕಳೆದುಹೋಗುತ್ತದೆ, ಒಪ್ಪಂದದಲ್ಲಿ ಬೇರೆ ರೀತಿ ಬರೆದಿರದಿದ್ದರೆ. ಬಹಳಷ್ಟು ಸಿದ್ಧ ಒಪ್ಪಂದಗಳಲ್ಲಿ "ಬೇರೆ ರೀತಿ" ಬರೆದೇ ಇರುತ್ತಾರೆ. ಅಂಥ ಸಾಲು ಕಂಡರೆ ಕನಿಷ್ಠ "18 ತಿಂಗಳಲ್ಲಿ ಶೂಟಿಂಗ್ ಶುರುವಾಗದಿದ್ದರೆ ಕಥೆ ವಾಪಸ್" ಅಂತ ಸೇರಿಸಲು ಕೇಳಿ. ರಿಮೇಕ್ ಹಕ್ಕಿನಲ್ಲಿ ಪಾಲು ಕೇಳಿ. ಕೊಡದಿದ್ದರೂ ಕೇಳಿದ್ದು ದಾಖಲಾಗಲಿ. ಸಂಭಾವನೆಯನ್ನು ಸಹಿ, ಶೂಟಿಂಗ್ ಶುರು, ಶೂಟಿಂಗ್ ಮುಕ್ತಾಯ, ಡಬ್ಬಿಂಗ್, ಫಸ್ಟ್ ಕಾಪಿ (ಪೂರ್ತಿ ಸಿದ್ಧವಾದ ಸಿನಿಮಾ) ಅಂತ ಕಂತುಗಳಾಗಿ ಒಡೆಯುತ್ತಾರೆ. ಕೊನೆಯ ಕಂತು ದೊಡ್ಡದಾದಷ್ಟೂ ಅದು ಬರುವ ಸಾಧ್ಯತೆ ಕಡಿಮೆ. ಟೈಟಲ್ ಕಾರ್ಡ್‌ನಲ್ಲಿ ಹೆಸರು ಹೇಗೆ, ಎಷ್ಟು ಶೂಟಿಂಗ್ ದಿನ ಅನ್ನುವುದೂ ಇರಲಿ. ಸಂಭಾವನೆಯಲ್ಲಿ ಟಿಡಿಎಸ್ 10% ಕಡಿತವಾಗುತ್ತದೆ, ಮನೆ ಲೆಕ್ಕ ಹಾಕುವಾಗ ಅದನ್ನು ಕಳೆದೇ ಹಾಕಿ.

ಟೈಟಲ್ ನೋಂದಣಿ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ, ಎಲ್ಲರ ಬಾಯಲ್ಲಿ ಫಿಲಂ ಚೇಂಬರ್. ಅದು ಬ್ಯಾನರಿನ, ಅಂದರೆ ನಿರ್ಮಾಣ ಸಂಸ್ಥೆಯ ಹೆಸರಲ್ಲಿ ಆಗಬೇಕು, ಬ್ಯಾನರ್ ಅಲ್ಲಿ ಸದಸ್ಯನಾಗಿರಬೇಕು. ಹೊಸ ನಿರ್ಮಾಪಕರಾದರೆ ಸದಸ್ಯತ್ವವೇ ಮೊದಲ ಕೆಲಸ. ಒಂದೇ ಟೈಟಲ್ ಹಿಡಿದುಕೊಂಡು ಹೋಗಬೇಡಿ, ಮೂರು ಇರಲಿ. ಅದೇ ಹೆಸರು ಅಥವಾ ಹತ್ತಿರದ ಹೆಸರು ಬೇರೆಯವರ ಬಳಿ ಇದ್ದರೆ ಅವರ ಒಪ್ಪಿಗೆ ಪತ್ರ ಬೇಕಾಗುತ್ತದೆ, ಆ ಪತ್ರಕ್ಕೆ ಕೆಲವರು ಬೆಲೆಯನ್ನೂ ಹೇಳುತ್ತಾರೆ. ಟೈಟಲ್ ಪತ್ರ ಕೈಗೆ ಬರುವ ತನಕ ಪೋಸ್ಟರ್ ಬಿಡಬೇಡಿ.

ಡೇಟ್ಸ್ ಕೇಳುವ ಕಷ್ಟ

ಗೆಳೆಯರಾದ ಕಲಾವಿದರು ಕಡಿಮೆ ಸಂಭಾವನೆಗೆ ಬರುತ್ತಾರೆ, ನಟ ನಿರ್ದೇಶಕನಿಗೆ ಇರುವ ದೊಡ್ಡ ಅನುಕೂಲ ಅದು. ಅದೇ ದೊಡ್ಡ ತೊಂದರೆಯೂ ಹೌದು. ಕಡಿಮೆ ದುಡ್ಡಿಗೆ ಬಂದವರ ಸೀರಿಯಲ್ ಡೇಟ್ ಇದ್ದಕ್ಕಿದ್ದಂತೆ ಬದಲಾದರೆ ಅವರು ಅಲ್ಲಿಗೇ ಹೋಗಬೇಕು, ನಾವೂ ಹಾಗೇ ಮಾಡುತ್ತಿದ್ದೆವು. ಹಾಗಾಗಿ ಅವರವರ ಸೀರಿಯಲ್ ಮ್ಯಾನೇಜರ್ ಹತ್ತಿರ ನೇರವಾಗಿ ಮಾತಾಡಿ ತಿಂಗಳ ಮೊದಲ ವಾರವೋ ಕೊನೆಯ ವಾರವೋ ಒಟ್ಟಾಗಿ ಬ್ಲಾಕ್ ಮಾಡಿಸಿ. ಬಿಡಿ ಬಿಡಿ ದಿನ ತೆಗೆದುಕೊಳ್ಳಬೇಡಿ. ಇನ್ನೊಂದು, ಸೀರಿಯಲ್ ನಟರ ಗಡ್ಡ, ಕೂದಲು ಅವರ ಕೈಯಲ್ಲಿಲ್ಲ. ನಿಮ್ಮ ಕಥೆಯಲ್ಲಿ ಪಾತ್ರ ತಲೆ ಬೋಳಿಸಿಕೊಂಡರೆ ಆ ಕಲಾವಿದ ನಿಮಗೆ ಸಿಗುವುದಿಲ್ಲ ಅಂತಲೇ ತಿಳಿಯಿರಿ, ಇಲ್ಲವೇ ಆ ಸೀನ್ ಬದಲಿಸಿ.

ಕಥೆಯಲ್ಲಿ ಮಗು ಇದ್ದರೆ ಕಾಯ್ದೆ ಗಟ್ಟಿಯಾಗಿದೆ. ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ದಿನಕ್ಕೆ 5 ಗಂಟೆಗಿಂತ ಹೆಚ್ಚು ಕೆಲಸವಿಲ್ಲ, ಬಿಡುವಿಲ್ಲದೆ 3 ಗಂಟೆ ದಾಟುವಂತಿಲ್ಲ, ಸತತ 27 ದಿನ ಮೀರುವಂತಿಲ್ಲ, ಸಂಭಾವನೆಯ ಕನಿಷ್ಠ 20% ಮಗುವಿನ ಹೆಸರಲ್ಲಿ ಠೇವಣಿ. ಸೀರಿಯಲ್‌ಗಳಲ್ಲಿ ಮಕ್ಕಳು ರಾತ್ರಿ ಹತ್ತರವರೆಗೂ ಕೂತಿದ್ದನ್ನು ನೋಡಿ "ನಡೆಯುತ್ತದೆ ಬಿಡಿ" ಅನ್ನುವವರು ಸಿಗುತ್ತಾರೆ. ಆ ಮಾತು ಕೇಳಬೇಡಿ. ಮಗುವಿನ ಸೀನ್‌ಗಳನ್ನು ಬೆಳಿಗ್ಗೆಗೆ ಹಾಕಿ, ದೊಡ್ಡವರ ಕ್ಲೋಸಪ್ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ.

ಪ್ರಾಣಿ ಇದ್ದರೆ ಇನ್ನೂ ಮೊದಲೇ ಏಳಬೇಕು. ನಾಯಿಯೇ ಇರಲಿ, ಕುದುರೆಯೇ ಇರಲಿ, ಶೂಟಿಂಗ್‌ಗೆ ಮುಂಚೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ, ಆಮೇಲೆ ಸೆನ್ಸಾರ್‌ಗೆ ಕೊಡಲು ಅವರ ನಿರಾಕ್ಷೇಪಣಾ ಪತ್ರ. ಮಂಡಳಿ ಇರುವುದು ಹರಿಯಾಣದ ಬಲ್ಲಭಗಢದಲ್ಲಿ, ಹೋಗಿ ಕೂತು ಮಾಡಿಸಿಕೊಂಡು ಬರುವ ಕೆಲಸ ಅಲ್ಲ. ಕರಡಿ, ಕೋತಿ, ಹುಲಿ, ಚಿರತೆ, ಸಿಂಹ ಪ್ರದರ್ಶನಕ್ಕೇ ನಿಷಿದ್ಧ. ಗ್ರಾಫಿಕ್ಸ್ ಪ್ರಾಣಿಗೂ ಅದು ಗ್ರಾಫಿಕ್ಸ್ ಅಂತ ತೋರಿಸುವ ದಾಖಲೆ ಇಟ್ಟುಕೊಳ್ಳಿ. ಅನುಮತಿ ಇಲ್ಲದೆ ತೆಗೆದ ನಾಯಿಯ ಶಾಟ್ ಕೊನೆಗೆ ಕತ್ತರಿಗೆ ಹೋದರೆ ಅದರ ಜೊತೆ ಆ ಸೀನಿನ ಜೀವವೂ ಹೋಗುತ್ತದೆ.

ಹಂಪಿ, ಬಾದಾಮಿ, ಪಟ್ಟದಕಲ್ಲಿನ ಸಂರಕ್ಷಿತ ಸ್ಮಾರಕಗಳಿಗೆ ಪುರಾತತ್ವ ಸರ್ವೇಕ್ಷಣ ಇಲಾಖೆಯ ಪರವಾನಗಿ, ಕಾಡಿಗೆ ಅರಣ್ಯ ಇಲಾಖೆ, ನಿಲ್ದಾಣಕ್ಕೆ ರೈಲ್ವೆ. ಪ್ರತಿಯೊಂದಕ್ಕೂ ಸೀನಿನ ವಿವರ, ಜನರ ಸಂಖ್ಯೆ, ವಾಹನಗಳ ಪಟ್ಟಿ ಕೇಳುತ್ತಾರೆ, ಒಂದೇ ಸಲ ಟೈಪ್ ಮಾಡಿ ಇಟ್ಟುಕೊಳ್ಳಿ. ಡ್ರೋನ್ ಅಂತ ಸುಲಭವಾಗಿ ಬರೆದುಬಿಡುತ್ತೇವೆ. ದೇವನಹಳ್ಳಿ, ಎಚ್‌ಎಎಲ್, ಯಲಹಂಕ ಮೂರೂ ಕಡೆ ವಿಮಾನ ಇಳಿಯುವುದರಿಂದ ಬೆಂಗಳೂರಿನ ಬಹುಭಾಗ ಅನುಮತಿ ಇಲ್ಲದೆ ಡ್ರೋನ್ ಹಾರಿಸಲಾಗದ ಕೆಂಪು ಇಲ್ಲವೇ ಹಳದಿ ವಲಯ. ಡ್ರೋನ್ ಶಾಟ್‌ಗಳನ್ನು ಊರಾಚೆಗೆ ಬರೆದುಕೊಂಡರೆ ನಿದ್ದೆ ಬರುತ್ತದೆ.

ಸೆಟ್ಟಿನಲ್ಲಿ ಗಡಿಯಾರ

ದಿನದ ಖರ್ಚು 2 ಲಕ್ಷ ಅಂತಿಟ್ಟುಕೊಳ್ಳಿ, ಕೆಲಸ 12 ಗಂಟೆ. ಗಂಟೆಗೆ ಹತ್ತಿರ ಹತ್ತಿರ 16,700 ರೂಪಾಯಿ. ಕ್ಯಾಮೆರಾ ಎಲ್ಲಿಡಬೇಕು ಅಂತ ನಿರ್ದೇಶಕ 20 ನಿಮಿಷ ಯೋಚಿಸಿದರೆ 5,500 ರೂಪಾಯಿ. ಲೊಕೇಶನ್ ಬದಲಿಸಿದರೆ ಗಾಡಿಗೆ ತುಂಬಿ, ಇಳಿಸಿ, ಲೈಟ್ ಕಟ್ಟುವುದರಲ್ಲಿ ಎರಡು ಗಂಟೆ. ಇದಕ್ಕಾಗಿಯೇ ಒನ್‌ಲೈನ್ ಆರ್ಡರ್, ಅಂದರೆ ಸೀನುಗಳ ಶೂಟಿಂಗ್ ಪಟ್ಟಿ, ಮಾಡುವಾಗ ಕಥೆಯ ಕ್ರಮ ಮರೆತು ಜಾಗದ ಕ್ರಮದಲ್ಲಿ ಜೋಡಿಸುತ್ತಾರೆ. ನಟನಾಗಿದ್ದಾಗ "ಕ್ಲೈಮ್ಯಾಕ್ಸ್ ಮೊದಲ ದಿನವೇ ತೆಗೀತಾರಲ್ಲಪ್ಪ" ಅಂತ ಗೊಣಗಿದ್ದು ಇಲ್ಲಿ ನೆನಪಾಗುತ್ತದೆ.

ಬೆಂಗಳೂರಿನ ಸುತ್ತ ಡಿಸೆಂಬರಿನಲ್ಲಿ ಹಗಲು ಸುಮಾರು 11 ಗಂಟೆ 20 ನಿಮಿಷ, ಜೂನ್‌ನಲ್ಲಿ 12 ಗಂಟೆ 50 ನಿಮಿಷ. ಜೂನ್ ಉದ್ದ ಅಂತ ಮಲೆನಾಡಿಗೆ ಹೋದರೆ ಮಳೆ ಇರುತ್ತದೆ. ನೋಡಲು ಚೆಂದ, ಹೆಂಚಿನ ಮೇಲೆ ಬೀಳುವ ಸದ್ದಿಗೆ ಸಿಂಕ್ ಸೌಂಡ್ (ಸೆಟ್ಟಿನಲ್ಲೇ ಮಾತು ರೆಕಾರ್ಡ್ ಮಾಡುವುದು) ಸತ್ತಂತೆ. ಪೂರ್ತಿ ಡಬ್ಬಿಂಗ್ ಅಂತ ಮೊದಲೇ ತೀರ್ಮಾನಿಸಿದ್ದರೆ ಪರವಾಗಿಲ್ಲ. ಸಿಂಕ್ ಆದರೆ ಪ್ರತಿ ಜಾಗದಲ್ಲೂ ಎಲ್ಲರನ್ನೂ ಸುಮ್ಮನಾಗಿಸಿ 30 ಸೆಕೆಂಡ್ ಆ ಕೋಣೆಯ ಬರೀ ಮೌನವನ್ನು ರೆಕಾರ್ಡ್ ಮಾಡಿಸಿ. ಮಾತುಗಳ ನಡುವಿನ ತೂತು ಮುಚ್ಚಲು ಬೇರೆ ಬಟ್ಟೆ ಇಲ್ಲ.

ಹಾರ್ಡ್ ಡಿಸ್ಕ್ ಖರ್ಚನ್ನು ಯಾರೂ ಮೊದಲು ಹೇಳುವುದಿಲ್ಲ. ಫೋರ್ ಕೆ ಯುಎಚ್‌ಡಿಯನ್ನು ಪ್ರೊರೆಸ್ ಅನ್ನುವ ಫೈಲ್ ಮಾದರಿಯ 422 ಎಚ್‌ಕ್ಯೂನಲ್ಲಿ, ಸೆಕೆಂಡಿಗೆ 24 ಫ್ರೇಮ್ ತೆಗೆದರೆ ಗಂಟೆಗೆ ಸುಮಾರು 318 ಜಿಬಿ. ದಿನಕ್ಕೆ ಎರಡು ಗಂಟೆ ಫುಟೇಜ್, 36 ದಿನ ಅಂದರೆ ಹತ್ತಿರ 23 ಟಿಬಿ. ಎರಡು ಪ್ರತಿ ಕಡ್ಡಾಯ, ಎರಡೂ ಬೇರೆ ಬೇರೆ ಮನೆಯಲ್ಲಿ ಇರಬೇಕು. ಕಾರ್ಡ್ ಅಳಿಸುವ ಮೊದಲು ಎರಡೂ ಪ್ರತಿ ತೆರೆದು ನೋಡಿದೆ ಅಂತ ಸಹಾಯಕ ಸಹಿ ಹಾಕಲಿ. ಫ್ರೇಮ್ ರೇಟ್ ಬಗ್ಗೆಯೂ ಎಚ್ಚರ, ಟಿವಿಯವರಿಗೆ 25 ಅಭ್ಯಾಸ, ಥಿಯೇಟರಿಗೆ ಹೋಗುವುದು 24. ಎರಡನೇ ಕ್ಯಾಮೆರಾ ಒಂದು ದಿನಕ್ಕೆ ಬಾಡಿಗೆಗೆ ಬಂದಾಗ ಅದು 25ರಲ್ಲಿ ಇರುವುದು ಗೊತ್ತಾಗುವುದು ಎಡಿಟ್ ಟೇಬಲ್ ಮೇಲೆ.

ಶೂಟಿಂಗ್ ಮುಗಿದು ಕುಂಬಳಕಾಯಿ ಒಡೆದ ಮೇಲೆ ಒಂದು ವಾರ ಫುಟೇಜ್ ನೋಡಬೇಡಿ. ನೋಡಿದರೆ ತಪ್ಪು ಮಾತ್ರ ಕಾಣುತ್ತದೆ. ಮೊದಲ ಜೋಡಣೆ ಎರಡೂಮುಕ್ಕಾಲು ಗಂಟೆ ಬಂದು, ಇದನ್ನು ನಾನೇ ತೆಗೆದೆನಾ ಅನ್ನಿಸುವ ಘಟ್ಟ ಎಲ್ಲರಿಗೂ ಬರುತ್ತದಂತೆ. ಗೆಳೆಯರ ಒಳ್ಳೆಯ ಅಭಿನಯವನ್ನು ಕತ್ತರಿಸಬೇಕಾಗುವುದು ಆಮೇಲಿನ ಸಂಕಟ. ಅವರು ಡಬ್ಬಿಂಗ್‌ಗೆ ಬಂದು ಹುಡುಕುವ ಮೊದಲು ನೀವೇ ಫೋನ್ ಮಾಡಿ ಹೇಳಿಬಿಡಿ.

ಮಿಕ್ಸಿಂಗ್ ಮುಗಿಸುವಾಗ ಮಾತಿಲ್ಲದ, ಬರೀ ಸಂಗೀತ ಮತ್ತು ಎಫೆಕ್ಟ್ಸ್ ಇರುವ ಟ್ರ್ಯಾಕ್ ಬೇರೆ ತೆಗೆಸಿಕೊಳ್ಳಿ. ಡಬ್ಬಿಂಗ್ ಹಕ್ಕು ಮಾರುವಾಗ, ಒಟಿಟಿಗೆ ಕೊಡುವಾಗ ಅದನ್ನು ಕೇಳುತ್ತಾರೆ. ಆಮೇಲೆ ಮಾಡಿಸಿದರೆ ಸ್ಟುಡಿಯೋ ಬಾಡಿಗೆ ಎರಡನೇ ಸಲ.

ಸೆನ್ಸಾರ್

ಅರ್ಜಿ ನಿರ್ಮಾಪಕರದ್ದು, ಇ-ಸಿನೆಪ್ರಮಾಣ್ ಪೋರ್ಟಲ್‌ನಲ್ಲಿ. ಕನ್ನಡ ಸಿನಿಮಾ ಬೆಂಗಳೂರಿನ ಪ್ರಾದೇಶಿಕ ಕಚೇರಿಗೆ ಹೋಗುತ್ತದೆ. ಕಥಾಸಾರ, ಸಂಭಾಷಣೆ, ಹಾಡಿನ ಸಾಹಿತ್ಯ, ಟೈಟಲ್ ಪತ್ರ, ಪ್ರಾಣಿ ಇದ್ದರೆ ಮಂಡಳಿಯ ಪತ್ರ ಇಷ್ಟೂ ತಯಾರಿರಲಿ. ಯಾವುದಾದರೂ ಒಂದರಲ್ಲಿ ಅವಧಿ, ಹೆಸರಿನ ಕಾಗುಣಿತ ಹೊಂದದಿದ್ದರೆ ಅರ್ಜಿ ವಾಪಸ್ ಬಂದು ಸಾಲಿನ ಕೊನೆಗೆ ನಿಲ್ಲುತ್ತೀರಿ. 2024ರ ನಿಯಮಗಳ ನಂತರ ಯು (ಎಲ್ಲರಿಗೂ), ಎ (ವಯಸ್ಕರಿಗೆ ಮಾತ್ರ) ಜೊತೆ ಯುಎ 7+, ಯುಎ 13+, ಯುಎ 16+ ಅಂತ ಮೂರು ಮೆಟ್ಟಿಲಾಗಿದೆ. ಟಿವಿ ಹಕ್ಕು ಮಾರುವ ಆಸೆ ಇದ್ದರೆ ಎ ಬಾರದಂತೆ ಸ್ಕ್ರಿಪ್ಟ್ ಹಂತದಲ್ಲೇ ನೋಡಿಕೊಳ್ಳಿ.

ಯಾರಾದರೂ ಒಂದು ಬೀಡಿ ಹಚ್ಚಿದರೂ ಆರಂಭದಲ್ಲಿ ಮತ್ತು ಮಧ್ಯಂತರದಲ್ಲಿ ತಲಾ 30 ಸೆಕೆಂಡಿನ ಆರೋಗ್ಯ ಸಂದೇಶ, ತಲಾ 20 ಸೆಕೆಂಡಿನ ಎಚ್ಚರಿಕೆ, ಹೊಗೆ ಕಾಣುವಷ್ಟು ಹೊತ್ತು ಕೆಳಗೆ ಬರಹ. ಒಂದು ಶಾಟ್‌ಗೋಸ್ಕರ ಇಷ್ಟೆಲ್ಲ ಬೇಕಾ ಅಂತ ಶೂಟಿಂಗ್ ದಿನವೇ ಕೇಳಿಕೊಳ್ಳಿ. ಪರೀಕ್ಷಣಾ ಸಮಿತಿ ಹೇಳಿದ್ದು ಒಪ್ಪಿಗೆಯಾಗದಿದ್ದರೆ ಮರುಪರಿಶೀಲನಾ ಸಮಿತಿ, ಅದಾದ ಮೇಲೆ ಹೈಕೋರ್ಟು. ನಡುವೆ ಇದ್ದ ಮೇಲ್ಮನವಿ ನ್ಯಾಯಮಂಡಳಿ 2021ರಲ್ಲಿ ರದ್ದಾಗಿದೆ. ಬಿಡುಗಡೆ ದಿನಾಂಕ ಘೋಷಿಸಿ ಆಮೇಲೆ ಸೆನ್ಸಾರ್‌ಗೆ ಹೋದರೆ ಒಪ್ಪದ ಕತ್ತರಿಯನ್ನೂ ಒಪ್ಪಬೇಕಾಗುತ್ತದೆ. ಮೊದಲು ಪತ್ರ, ಆಮೇಲೆ ದಿನಾಂಕ.

ಪತ್ರದ ಮೇಲಿನ ವರ್ಷವನ್ನೂ ನೋಡಿ. ರಾಜ್ಯ ಸರ್ಕಾರದ ಸಹಾಯಧನಕ್ಕೆ ವಾರ್ತಾ ಇಲಾಖೆ ಅರ್ಜಿ ಕರೆಯುವುದು ಕ್ಯಾಲೆಂಡರ್ ವರ್ಷದ ಲೆಕ್ಕದಲ್ಲಿ. ಆ ದುಡ್ಡು ಬರಲು ವರ್ಷಗಳೇ ಹಿಡಿಯಬಹುದು, ಆದ್ದರಿಂದ ಬಜೆಟ್‌ನ ಆದಾಯದ ಕಾಲಂನಲ್ಲಿ ಅದನ್ನು ಬರೆಯಬೇಡಿ.

ಶುಕ್ರವಾರದ ಹಿಂದಿನ ರಾತ್ರಿ

ಪ್ರಚಾರಕ್ಕೆ ಬೇರೆ ದುಡ್ಡು ತೆಗೆದಿಡದೆ ಎಲ್ಲವನ್ನೂ ಶೂಟಿಂಗ್‌ಗೆ ಹಾಕಿದ ಸಿನಿಮಾಗಳು ಪೋಸ್ಟರ್ ಅಂಟಿಸಲೂ ಸಾಲ ಮಾಡುತ್ತವೆ. ಬಿಕೆಟಿ, ಅಂದರೆ ಬೆಂಗಳೂರು, ಕೋಲಾರ, ತುಮಕೂರು, ಇಲ್ಲಿನ ಹಂಚಿಕೆಯನ್ನಾದರೂ ಗಟ್ಟಿ ಕೈಗೆ ಕೊಡಿ. ಏಪ್ರಿಲ್, ಮೇನಲ್ಲಿ ಐಪಿಎಲ್, ಮಾರ್ಚ್‌ನಲ್ಲಿ ಪರೀಕ್ಷೆ. ಸಣ್ಣ ಸಿನಿಮಾಕ್ಕೆ ಸಂಜೆ ಶೋ ಖಾಲಿ ಹೊಡೆದರೆ ಸೋಮವಾರಕ್ಕೆ ಸ್ಕ್ರೀನ್ ಹೋಗಿರುತ್ತದೆ.

ಡಿಜಿಟಲ್ ಪ್ರೊಜೆಕ್ಷನ್ ಸಂಸ್ಥೆಗಳಾದ ಕ್ಯೂಬ್, ಯುಎಫ್‌ಒ ಮೂಲಕ ಸಿನಿಮಾ ಥಿಯೇಟರ್ ತಲುಪುವುದು ಒಂದು ಕೆಲಸ, ಅದನ್ನು ತೆರೆಯುವ ಡಿಜಿಟಲ್ ಕೀ ತಲುಪುವುದು ಇನ್ನೊಂದು. ಕೀ ಆಯಾ ಸರ್ವರ್‌ಗೆ, ಆಯಾ ದಿನಾಂಕದಿಂದ ದಿನಾಂಕಕ್ಕೆ ಮಾತ್ರ ಕೆಲಸ ಮಾಡುತ್ತದೆ. ಥಿಯೇಟರಿನವರು ಸರ್ವರ್ ಬದಲಿಸಿ ಹೇಳದಿದ್ದರೆ, ಶೋ ಇನ್ನೊಂದು ಸ್ಕ್ರೀನಿಗೆ ಬದಲಾದರೆ ಶುಕ್ರವಾರ ಬೆಳಗಿನ ಶೋ ಎದ್ದೇಳುವುದಿಲ್ಲ. ಗುರುವಾರ ರಾತ್ರಿ ಪಟ್ಟಿ ಹಿಡಿದು ಕೂತು ಪ್ರತಿ ಪ್ರೊಜೆಕ್ಷನ್ ರೂಮಿಗೂ ಫೋನ್ ಮಾಡಿ. ಕೀ ಲೋಡ್ ಆಗಿದೆಯಾ, ಎರಡು ನಿಮಿಷ ಓಡಿಸಿ ನೋಡಿದಿರಾ, ಸೌಂಡ್ ಬಂತಾ ಅಂತ ಕೇಳಿ. ಕರೆ ಎತ್ತದ ಥಿಯೇಟರಿಗೆ ಬೆಳಿಗ್ಗೆ ಏಳಕ್ಕೆ ಯಾರಾದರೂ ಹೋಗಿ ನಿಲ್ಲಲಿ.